ಮಗು ಬಡಬಡಿಸಿದರೆ ಅದು ಯಾರ ಪಾಪ?



ಕೆಲವು ವರ್ಷಗಳ ಹಿಂದೆ ಒಂದು ಅಮಾವಾಸ್ಯೆಯ ಸಂಜೆ ಕಂದಲಗಾಂವ ಭಾಗದ ರೈತ ದಂಪತಿಗಳು ತಮ್ಮ ಮಗನನ್ನು ಹೊತ್ತುಕೊಂಡು ಶ್ರೀಮಠಕ್ಕೆ ಬಂದರು. ಹತ್ತು-ಹನ್ನೆರಡು ದಿನಗಳಿಂದ ಜ್ವರ. ಹುಡುಗನಿಗೆ ತಾಯಿಯ ಗುರುತೂ ಸಿಗುತ್ತಿರಲಿಲ್ಲ. ಗೋಡೆಯ ಮೇಲೆ ಹಾವು ಎಂದು ಚೀರುತ್ತಿದ್ದ, ಗಾಳಿಯಲ್ಲಿ ಏನನ್ನೋ ಹೆಕ್ಕುತ್ತಿದ್ದ. "ಅಣ್ಣಾರ, ಹೊಲದಾಗ ಇವಗ ಗಾಳಿ ಬಡದೈತ್ರಿ" ಎಂದರು ತಂದೆ. ನಾನು ಭಸ್ಮ ಕೊಟ್ಟು, ಪೂಜೆ ಮುಗಿಯುವವರೆಗೆ ಕೂಡಲು ಹೇಳಿದೆ. ಎರಡು ತಾಸಿನ ನಂತರ ಪೂಜ್ಯರು ಹೊರಬಂದು ಮಗುವಿನ ಹಣೆ ಮುಟ್ಟಿದವರೇ, "ಮೊದಲು ಸೋಲಾಪುರಕ್ಕೆ ದವಾಖಾನೆಗೆ ಒಯ್ಯಿರಿ, ಭಸ್ಮ ಅಲ್ಲಿಯೂ ಹಚ್ಚಬಹುದು" ಎಂದರು. ವೈದ್ಯರು ಪರೀಕ್ಷಿಸಿ ವಿಷಮಶೀತ ಜ್ವರವೆಂದರು. ಹುಡುಗ ಉಳಿದ. ಆದರೆ ಆ ಎರಡು ತಾಸಿನ ಲೆಕ್ಕ ನನ್ನ ಮನಸ್ಸಿನಲ್ಲಿ ಇನ್ನೂ ಚುಕ್ತಾ ಆಗಿಲ್ಲ.

ಇದಕ್ಕೆ ನಮ್ಮ ಹಿರಿಯರು ಸನ್ನಿ ಎನ್ನುತ್ತಿದ್ದರು. ವಿಪರೀತ ಜ್ವರ, ಮೆದುಳಿಗೆ ತಗಲುವ ಸೋಂಕು, ತಿಳಿಯದೆ ತಿಂದ ದತ್ತೂರಿ ಬೀಜ, ಬೆಳೆಗೆ ಹೊಡೆಯುವ ವಿಷದ ಔಷಧಿ, ಇವು ಯಾವುವೂ ಮಗುವಿನ ಮೆದುಳನ್ನು ಕೆಲವೇ ತಾಸುಗಳಲ್ಲಿ ಕದಡಬಲ್ಲವು. ಈ ಸನ್ನಿ ರಾತ್ರಿ ಹೆಚ್ಚಾಗಿ, ಬೆಳಗಾಗುತ್ತಲೇ ತುಸು ತಿಳಿಯಾಗುವುದುಂಟು. ಆಗ ನಾವು ತಾಯತ ಫಲಿಸಿತೆಂದು ಸಮಾಧಾನಪಡುತ್ತೇವೆ. ರೋಗ ಮಾತ್ರ ಒಳಗೇ ಬೆಳೆಯುತ್ತದೆ. ಜ್ವರದ ಮಗು ಮಬ್ಬಾಗಿ ಬಡಬಡಿಸಿದರೆ ಅದು ಒಂದು ರಾತ್ರಿಯೂ ಕಾಯುವ ಮಾತಲ್ಲ.

ಇನ್ನೊಂದು ಬಗೆ ನಿಧಾನವಾಗಿ ಬರುವಂಥದು. ಇದು ಚಿಕ್ಕ ಮಕ್ಕಳಲ್ಲಿ ಅಪರೂಪ. ಹರೆಯಕ್ಕೆ ಕಾಲಿಟ್ಟ ಮೇಲೆ ಹೆಚ್ಚು. ಜ್ವರವಿರುವುದಿಲ್ಲ, ಮನೆಯವರ ಗುರುತೂ ಇರುತ್ತದೆ. ಆದರೆ ಚೆನ್ನಾಗಿ ಓದುತ್ತಿದ್ದ ಹುಡುಗ ಪುಸ್ತಕ ಮುಟ್ಟುವುದಿಲ್ಲ, ಸ್ನಾನ ಬಿಡುತ್ತಾನೆ, ನಿದ್ದೆ ಕೆಡುತ್ತದೆ. ಯಾರೋ ಬೈಯುವ ದನಿ ಕೇಳುತ್ತದೆಂದು ಕಿವಿ ಮುಚ್ಚಿಕೊಳ್ಳುತ್ತಾನೆ. ಊಟದಲ್ಲಿ ವಿಷವಿದೆಯೆಂದು ತಾಯಿಯನ್ನೇ ಶಂಕಿಸುತ್ತಾನೆ. ಇದು ಚಿತ್ತವಿಕಲತೆ. ಬೇಗ ಚಿಕಿತ್ಸೆ ದೊರೆತಷ್ಟೂ ಬೇಗ ಸುಧಾರಣೆಯ ಆಶೆ ಇರುತ್ತದೆ. ನಾವು ಮಾಡುವುದೇನು? "ಅಕ್ಕನ ಲಗ್ನ ಆಗಲಿ, ಆಮೇಲೆ ನೋಡೋಣ" ಎಂದು ಹುಡುಗನನ್ನು ಒಳಕೋಣೆಯಲ್ಲಿ ಬಚ್ಚಿಡುತ್ತೇವೆ.

ಇಲ್ಲಿ ಭಕ್ತರೊಬ್ಬರು ನನ್ನನ್ನು ಕೇಳಿದ ಪ್ರಶ್ನೆ ಸಣ್ಣದಲ್ಲ. "ನಮ್ಮ ಸೊನ್ನಲಿಗೆಯ ಸಿದ್ಧರಾಮರನ್ನೂ ಬಾಲ್ಯದಲ್ಲಿ ಜನ ಮಂದಬುದ್ಧಿ ಎಂದಿದ್ದರಲ್ಲ? ಹೊಲದಲ್ಲಿ ಕಂಡ ಮಲ್ಲಯ್ಯನನ್ನು ಕರೆಯುತ್ತ ಅವರು ಶ್ರೀಶೈಲದವರೆಗೆ ಹೋಗಲಿಲ್ಲವೆ? ಇವನಿಗೂ ದೈವವೇ ಕಂಡಿರಬಾರದೇಕೆ?" ರಾಘವಾಂಕನ ಸಿದ್ಧರಾಮ ಚಾರಿತ್ರದಲ್ಲಿ ಆ ಕಥೆ ಇರುವುದು ನಿಜ. ಆದರೆ ಆ ದರ್ಶನ ಸಿದ್ಧರಾಮರನ್ನು ಜನರ ಹತ್ತಿರಕ್ಕೆ ತಂದಿತು. ಕೆರೆ ಕಟ್ಟುವ ಕಾಯಕಕ್ಕೆ ಹಚ್ಚಿತು. ಈ ಹುಡುಗನಿಗೆ ಕೇಳುವ ದನಿ ಅವನಿಂದ ಅನ್ನ, ನಿದ್ದೆ, ತಾಯಿಯ ವಿಶ್ವಾಸ ಎಲ್ಲವನ್ನೂ ಕಸಿಯುತ್ತಿದೆ. ಹೆದರಿ ನಡುಗುವ ಮಗುವನ್ನು ದೇವರ ಹೆಸರಿನಲ್ಲಿ ಹಾಗೆಯೇ ಬಿಡುವುದು ಭಕ್ತಿಯಲ್ಲ.

ಹಾಗಾದರೆ ಇದು ಯಾರ ಪಾಪ? ತಾಯಿ ತನ್ನನ್ನೇ ಹಳಿದುಕೊಳ್ಳುತ್ತಾಳೆ, ಬೀಗರು ಮನೆತನವನ್ನು ಹಳಿಯುತ್ತಾರೆ. ನಾನು ವಾಣಿಜ್ಯ ಓದಿದವನು; ಒಬ್ಬರ ಬಾಕಿಯನ್ನು ಇನ್ನೊಬ್ಬರ ಖಾತೆಗೆ ಬರೆದರೆ ಅದು ಸುಳ್ಳು ಲೆಕ್ಕವೆಂದು ಬಲ್ಲೆ. ಪೂರ್ವಜರ ಪಾಪವೆಂದು ಮಗುವಿನ ಹೆಸರಿಗೆ ಬರೆಯುವುದೂ ಅಂಥದೇ ಸುಳ್ಳು ಲೆಕ್ಕ. ರೋಗ ಬಂದದ್ದು ಯಾರ ಪಾಪವೂ ಅಲ್ಲ. ತಿಳಿದ ಮೇಲೂ ಬಚ್ಚಿಟ್ಟರೆ, ಹೊಡೆದರೆ, ಕಟ್ಟಿಹಾಕಿದರೆ, ಅಲ್ಲಿಂದ ನಮ್ಮ ಖಾತೆ ಆರಂಭವಾಗುತ್ತದೆ.

ಕಟ್ಟಿಹಾಕಿದ್ದರ ಫಲವನ್ನು ದೇಶ ಕಂಡಿದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯ ದರ್ಗಾದ ಬಳಿಯ ಒಂದು ಆಶ್ರಮಕ್ಕೆ ಬೆಂಕಿ ಬಿದ್ದಾಗ, ಸರಪಳಿ ಬಿಗಿದಿದ್ದ ರೋಗಿಗಳು ಓಡಲಾರದೆ 28 ಜನ ಸತ್ತರು. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಕಟ್ಟುವುದು ಮಹಾರಾಷ್ಟ್ರದ 2013ರ ಜಾದೂಟೋಣಾ ವಿರೋಧಿ ಕಾಯದೆಯ ಪ್ರಕಾರ ಅಪರಾಧ. ಮನೋರೋಗಿಗೆ ಸರಪಳಿ ಹಾಕುವುದನ್ನು 2017ರ ಕೇಂದ್ರ ಕಾಯದೆ ನಿಷೇಧಿಸಿದೆ.

ಸೋಲಾಪುರದ ಸರಕಾರಿ ಆಸ್ಪತ್ರೆ ನಮಗೆ ಹತ್ತಿರದಲ್ಲೇ ಇದೆ. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇವೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲುರಾತ್ರಿ ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲೋ ಮರಾಠಿಯಲ್ಲೋ ಸಲಹೆ ಕೇಳಬಹುದು.

ಮಠಕ್ಕೆ ಬರಬೇಡಿರೆಂದು ಹೇಳುತ್ತಿಲ್ಲ, ಅವಶ್ಯ ಬನ್ನಿರಿ. ವೈದ್ಯನದೂ ಕಾಯಕವೇ, ಅವನ ಔಷಧವೂ ಪ್ರಸಾದವೇ. ಆದರೆ ಜ್ವರದ ಮಗುವನ್ನು ಹೊತ್ತು ಬಂದವರಿಗೆ ನಾನಿನ್ನು "ಕೂಡಿರಿ" ಎನ್ನುವುದಿಲ್ಲ, ಗಾಡಿ ತರಿಸುತ್ತೇನೆ.