ಹೊಸ್ತಿಲೂ ತಾಳ್ಮೆಯೂ



ತುಂಗಾ ನದಿಗೆ ಆಣೆಕಟ್ಟು ಹಾಕಿರುವ ಗಾಜನೂರಿನ ಕಡೆಯಲ್ಲಿ ಹೊಸ ಮನೆ ಕಟ್ಟಿಸುವವರು ಎಲ್ಲಕ್ಕಿಂತ ಮೊದಲು ಮಳೆಯನ್ನು ನೆನಸುತ್ತಾರೆ. ಮಲೆನಾಡಿನ ಅಂಚಿನಲ್ಲಿರುವ ಈ ಸೀಮೆಯಲ್ಲಿ ಪಾಯವನ್ನು ಎರಡು ಅಡಿಯಾದರೂ ಎತ್ತರಿಸದೆ ಹೋದರೆ ಅಂಗಳದ ನೀರೂ ಗೆದ್ದಲೂ ಹುಳಹುಪ್ಪಟೆಯೂ ಒಳಗೆ ಬರುವದುಂಟು. ಆದಕಾರಣ ಮೊದಲು ಮೆಟ್ಟಲು, ಅದರ ಮೇಲೆ ಜಗಲಿ, ಜಗಲಿಯನ್ನು ದಾಟಿದರೆ ಹೊಸ್ತಿಲು. ಇದು ಬುದ್ಧಿಯುಳ್ಳ ಪದ್ಧತಿಯೇ ಸರಿ. ಆದರೆ ಆ ಮನೆಯಲ್ಲಿ ಪಾರ್ಶ್ವವಾಯು ಹೊಡೆದ ತಂದೆಯಾಗಲಿ ಕೀಲುನೋವಿನ ತಾಯಿಯಾಗಲಿ ಇದ್ದರೆ, ಅದೇ ಎತ್ತರವು ಅವರನ್ನು ವರುಷವೆಲ್ಲಾ ಒಳಗೇ ಕೂಡ್ರಿಸಿಬಿಡುತ್ತದೆ. ಹೀಗಿರುವಲ್ಲಿ ಧೈರ್ಯವೆಂಬದು ಏನು? ರೋಗಿಯು ಮನೆಗೆ ಹೊಂದಿಕೊಳ್ಳಬೇಕೋ, ಇಲ್ಲವೆ ಮನೆಯು ರೋಗಿಗೆ ಹೊಂದಿಕೊಳ್ಳಬೇಕೋ?

ಕಷ್ಟವನ್ನು ಸಹಿಸತಕ್ಕದ್ದು, ಮನೆಯ ರೂಪವನ್ನು ಬದಲಾಯಿಸುವದು ರೋಗಕ್ಕೆ ಸೋತಂತೆ ಎಂದು ಹೇಳುವವರು ಅನೇಕರು. ಹಲವು ಸಾರಿ ರೋಗಿಗಳೇ ಹೀಗೆ ಹೇಳುವದನ್ನು ನಾವು ಕೇಳಿದ್ದೇವೆ. ಮಕ್ಕಳಿಗೆ ಖರ್ಚು ತರಬಾರದೆಂಬ ಸಂಕೋಚವು ಅವರ ಬಾಯಲ್ಲಿ ತಾಳ್ಮೆಯ ಹೆಸರನ್ನು ಹೊಂದುತ್ತದೆ. ಆದರೆ ಈ ಮಾತಿನಲ್ಲಿ ಎರಡು ವಿಧವಾದ ಕಷ್ಟಗಳು ಕಲಸಿಹೋಗಿವೆ.

ಇದನ್ನು ತಿಳಿಯುವದಕ್ಕೆ ನಮ್ಮ ಶಿವಮೊಗ್ಗೆ ಜಿಲ್ಲೆಯಲ್ಲಿಯೇ ಒಂದು ದೃಷ್ಟಾಂತವುಂಟು. ಸಾಗರ ತಾಲೂಕಿನ ಹಂದಿಗೋಡು ಎಂಬ ಹಳ್ಳಿಯಲ್ಲಿ 1975ರ ಸುಮಾರಿಗೆ ಒಂದು ವಿಚಿತ್ರವಾದ ಕೀಲುರೋಗವು ವೈದ್ಯರ ಗಮನಕ್ಕೆ ಬಂದಿತು. ಗದ್ದೆಯ ಕೂಲಿಯಿಂದ ಜೀವಿಸುವ ಬಡವರ ಸೊಂಟದ ಕೀಲೂ ಮೊಣಕಾಲೂ ನೊಂದು ಸವೆದು, ಕೆಲವರು ಕೋಲೂರಿ ನಡೆಯುವವರಾದರು, ಕೆಲವರು ನೆಲದ ಮೇಲೆ ಕೈಯೂರಿ ತೆವಳುವವರಾದರು. ಗದ್ದೆಗೆ ಹೊಡೆದ ಕ್ರಿಮಿನಾಶಕವು ಏಡಿಗಳ ಮೂಲಕ ಹೊಟ್ಟೆಗೆ ಸೇರಿ ಹೀಗಾಯಿತೆಂದು ಮೊದಲು ಸಂಶಯಪಟ್ಟರು. ಇದು ತಂದೆಯಿಂದಾಗಲಿ ತಾಯಿಯಿಂದಾಗಲಿ ಮಕ್ಕಳಿಗೆ ಇಳಿದುಬರುವ ವಂಶದ ರೋಗವೆಂದು ಆಮೇಲಿನ ಶೋಧನೆಯಿಂದ ತಿಳಿಯಿತು. ಚಿಕ್ಕಮಗಳೂರು ಜಿಲ್ಲೆಯಲ್ಲಿಯೂ ಇಂಥವರು ಕಂಡುಬಂದರು. ನೋವನ್ನು ತಗ್ಗಿಸುವ ಔಷಧವುಂಟು, ರೋಗವನ್ನು ಬೇರುಸಹಿತ ಕೀಳುವ ಔಷಧವಿಲ್ಲ.

ಇಂಥ ರೋಗಿಯೊಬ್ಬನನ್ನು ಮನಸ್ಸಿನಲ್ಲಿ ತಂದುಕೊಳ್ಳಿರಿ. ಅವನ ಸೊಂಟದ ನೋವನ್ನು ಯಾವ ಮೇಸ್ತ್ರಿಯೂ ತೆಗೆಯಲಾರನು. ಅಲ್ಲಿ ತಾಳ್ಮೆಯು ಬೇಕೇ ಬೇಕು, ಅದು ಸಣ್ಣ ತಾಳ್ಮೆಯೂ ಅಲ್ಲ. ಆದರೆ ಮಳೆಯಲ್ಲಿ ಅಂಗಳದಾಚೆಯ ಪಾಯಿಖಾನೆಗೆ ಅವನು ತೆವಳಿಕೊಂಡು ಹೋಗುವ ಕಷ್ಟವನ್ನು ರೋಗವು ಕಟ್ಟಲಿಲ್ಲ, ನಾವು ಕಟ್ಟಿದೆವು. ಕರಣೆಯೂ ಸುಣ್ಣವೂ ತೆಗೆಯಬಹುದಾದ ಕಷ್ಟವನ್ನು ಸಹಿಸಿಕೋ ಎಂದು ಬೋಧಿಸುವದು ಧರ್ಮೋಪದೇಶವಲ್ಲ, ಸೋಮಾರಿತನ. ಅದೂ ಅಲ್ಲದೆ ಮನುಷ್ಯನ ಬಲವು ಮಿತವಾದದ್ದು. ಬೆಳಿಗ್ಗೆ ಮೂರು ಮೆಟ್ಟಲು ಇಳಿಯುವದರಲ್ಲೇ ಅದು ತೀರಿಹೋದರೆ ಮೊಮ್ಮಗನಿಗೆ ಅಕ್ಷರ ಕಲಿಸುವದಕ್ಕೂ ನೆರೆಯವರ ಸಂಗಡ ನಗುವದಕ್ಕೂ ಏನು ಉಳಿಯುತ್ತದೆ?

ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತಲೂ ಯಾರೂ ಬೀಳದಂತೆ ಗೋಡೆ ಕಟ್ಟಿಸಬೇಕೆಂಬ ಆಜ್ಞೆಯು ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿರುವದನ್ನು ನೀವು ಬಲ್ಲಿರಿ. ಬಿದ್ದವನು ಎಚ್ಚರವಾಗಿರಬೇಕಾಗಿತ್ತು ಎಂಬ ನೆವವನ್ನು ಅಲ್ಲಿ ಯಜಮಾನನಿಗೆ ಬಿಟ್ಟಿಲ್ಲ. ಪಾರ್ಶ್ವವಾಯುರೋಗಿಯನ್ನು ಹೊತ್ತು ತಂದ ನಾಲ್ವರಾದರೋ ಜನರ ನೂಕುನುಗ್ಗಲಲ್ಲಿ ಬಾಗಿಲು ಸಿಕ್ಕದೆ ಹೋದಾಗ ಮಾಳಿಗೆಯನ್ನೇ ಬಿಚ್ಚಿದರು. ಮನೆಯವನು ಗೊಣಗಿದನೋ ಇಲ್ಲವೋ ಬರೆದಿಲ್ಲ.

ಇನ್ನು ಕೆಲಸದ ಮಾತು. ಇಳಿಜಾರು ದಾರಿಗೆ ಲೆಕ್ಕವೇನಂದರೆ, ಒಂದು ಅಂಗುಲ ಎತ್ತರಕ್ಕೆ ಒಂದು ಅಡಿ ಉದ್ದವಿರಬೇಕು. ಎರಡು ಅಡಿಯ ಪಾಯಕ್ಕೆ 24 ಅಡಿಯಾಗುತ್ತದೆ. ಇದನ್ನು ಕೇಳಿ ಬೆದರಬೇಡಿರಿ. ಗೋಡೆಯ ಪಕ್ಕಕ್ಕೆ ತಿರುಗಿಸಿ, ತಿರುವಿನಲ್ಲಿ ದಣಿವಾರಿಸಿಕೊಳ್ಳುವಷ್ಟು ಸಮತಟ್ಟು ಬಿಟ್ಟರೆ ಹಳ್ಳಿಯ ಅಂಗಳದಲ್ಲಿ ಸ್ಥಳವು ಸಿಕ್ಕುತ್ತದೆ. ಜಂಬಿಟ್ಟಿಗೆಯಿಂದ ಕಟ್ಟಿ ಮೇಲೆ ಒರಟು ಗಾರೆ ಹಾಕಿಸಿರಿ, ಯಾಕಂದರೆ ನುಣುಪಾದ ನೆಲವು ಆಷಾಢದಲ್ಲಿ ಪಾಚಿಗಟ್ಟಿ ಕಾಲು ಮುರಿಯುತ್ತದೆ. ಬಾಗಿಲು ಮೂರು ಅಡಿ ಅಗಲವಿರಲಿ, ಹೊಸ್ತಿಲು ನೆಲದ ಮಟ್ಟಕ್ಕೆ ಇಳಿಯಲಿ. ಹೊಸ್ತಿಲಿಲ್ಲದ ಮನೆಗೆ ಲಕ್ಷಣವಿಲ್ಲವೆಂದು ನೆರೆಯವರು ಅಂದರೆ ಅನ್ನಲಿ. ಬಚ್ಚಲೂ ಪಾಯಿಖಾನೆಯೂ ಮಲಗುವ ಕೋಣೆಗೆ ತಗಲಿಕೊಂಡಿರಲಿ. ಅವುಗಳ ಗೋಡೆಗೆ ಕಬ್ಬಿಣದ ಹಿಡಿಯನ್ನು ಈಗಲೇ ಹೂಳಿಸಿರಿ. ಗಾಲಿಕುರ್ಚಿ ತಿರುಗುವದಕ್ಕೆ ಐದು ಅಡಿ ಚದರ ಬೇಕು. ಗೋಡೆ ಎದ್ದ ಮೇಲೆ ಇವನ್ನೆಲ್ಲಾ ಮಾಡಹೋದರೆ ಖರ್ಚು ಇಮ್ಮಡಿ.

ಬಡವರು ಇದನ್ನು ಹೇಗೆ ಮಾಡ್ಯಾರು ಎಂದು ಕೇಳುವಿರಿ. ಕೇಳತಕ್ಕದ್ದೇ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಸರಕಾರದ ವಸತಿ ಯೋಜನೆಗಳಲ್ಲಿ ನೂರಕ್ಕೆ 5 ಪಾಲನ್ನು ಹೆಚ್ಚಿನ ಅಂಗವೈಕಲ್ಯವುಳ್ಳವರಿಗೆ ಮೀಸಲಿಟ್ಟಿದೆ, ಅವರಲ್ಲಿಯೂ ಹೆಂಗಸರಿಗೆ ಮೊದಲು. ಪ್ರಮಾಣಪತ್ರವನ್ನು ಮಾಡಿಸಿಕೊಂಡು ಪಂಚಾಯಿತಿಯಲ್ಲಿ ವಿಚಾರಿಸುವದರಲ್ಲಿ ನಾಚಿಕೆಯೇನೂ ಇಲ್ಲ.

ಒಂದು ಮಾತು ಮಿಕ್ಕಿದೆ. ಇದೆಲ್ಲವನ್ನೂ ರೋಗಿಯನ್ನು ಕೇಳಿಯೇ ಮಾಡಿರಿ, ಅವನ ತಲೆಯ ಮೇಲಿನಿಂದ ಮಾತಾಡಬೇಡಿರಿ. ಹಿಡಿಯು ಎಷ್ಟು ಎತ್ತರದಲ್ಲಿರಬೇಕೆಂದು ಮೇಸ್ತ್ರಿಗಿಂತ ಅವನ ಕೈಯೇ ಬಲ್ಲದು. ಕಿಟಕಿಯನ್ನೂ ಅವನು ಕುಳಿತಲ್ಲಿಂದ ಅವನ ಕಣ್ಣಿನ ಮಟ್ಟಕ್ಕೆ ಅಳೆದು ಗುರುತುಮಾಡಿಸಿರಿ. ಮಳೆ ಹಿಡಿದ ದಿನಗಳಲ್ಲಿಯೂ ದಾರಿಯಲ್ಲಿ ಹೋಗುವವರನ್ನು ಅವನು ಅಲ್ಲಿಂದಲೇ ಕೂಗಿ ಮಾತಾಡಿಸುವನು.