ಸಿಟ್ಟು ಯಾರದ್ದು?

ಶಿವಮೊಗ್ಗದ ಆಲ್ಕೊಳ ಸರ್ಕಲ್ಲಿನಲ್ಲಿ ಬೈಕಿನಿಂದ ಬಿದ್ದೆ, ತಲೆಗೆ ಪೆಟ್ಟು. ಸಿಟಿ ಸ್ಕ್ಯಾನ್ ನಾರ್ಮಲ್. ಆದರೂ ತಿಂಗಳುಗಟ್ಟಲೆ ಟ್ಯೂಬ್‌ಲೈಟು ಕಣ್ಣಿಗೆ ಚುಚ್ಚುತ್ತಿತ್ತು. ಸಾಗರ ರಸ್ತೆಯ ಬಸ್ಸಿನ ಹಾರ್ನಿಗೆ ಹೊಟ್ಟೆ ತೊಳಸುತ್ತಿತ್ತು. ಕುಕ್ಕರ್ ಕೂಗಿದರೆ ಹೆಂಡತಿಯ ಮೇಲೆ ಹರಿಹಾಯುತ್ತಿದ್ದೆ. ಇಂಥ ಪೆಟ್ಟು ಸಾಮಾನ್ಯವಾಗಿ ಸ್ಕ್ಯಾನಿನಲ್ಲಿ ಕಾಣದು, ಮಿದುಳಿನ ಕೆಲಸವೇ ಏರುಪೇರಾಗಿರುತ್ತದೆ ಎಂದರು ಡಾಕ್ಟರು. ಕತ್ತಲೆ ಕೋಣೆಯಲ್ಲಿ ಬಿದ್ದುಕೊಂಡಿರುವುದು ಹಳೇ ಪದ್ಧತಿಯಂತೆ. ಮೊದಲ ಒಂದೆರಡು ದಿನ ವಿಶ್ರಾಂತಿ ಸಾಕು. ಆಮೇಲೆ ತಲೆನೋವು ಕೆರಳದಷ್ಟು ನಡಿಗೆ, ಹೊತ್ತಿಗೆ ಸರಿಯಾಗಿ ನಿದ್ದೆ, ತಲೆಸುತ್ತಿಗೆ ಕಣ್ಣು-ಕತ್ತಿನ ವ್ಯಾಯಾಮ.

ಕ್ರೋಧವನ್ನು ಅರಿಷಡ್ವರ್ಗಕ್ಕೆ ಸೇರಿಸಿ ಗೆಲ್ಲು ಎನ್ನುತ್ತದೆ ಶಾಸ್ತ್ರ. ನಡಿಗೆ, ನಿದ್ದೆಗೆ ಇಳಿದುಹೋದ ಕ್ರೋಧವನ್ನು ಗೆದ್ದವರು ಯಾರು? ಪುಣ್ಯ ಯಾರ ಖಾತೆಗೆ? ನಮ್ಮ ಜಿಲ್ಲೆಯ ಬಳ್ಳಿಗಾವಿಯ ಅಲ್ಲಮನಾಗಿದ್ದರೆ ‘ನಾನು’ ಎಂಬುದನ್ನೇ ಕೆದಕುತ್ತಿದ್ದ. ನನಗೆ ಅಷ್ಟು ಎದೆಗಾರಿಕೆಯಿಲ್ಲ. ಸಿಟ್ಟು ಪೆಟ್ಟಿನದ್ದಿರಬಹುದು, ಬೈಸಿಕೊಂಡವಳು ಮಾತ್ರ ಹೆಂಡತಿ; ಲೆಕ್ಕ ನಾನೇ ತೀರಿಸಬೇಕು. ಹಾಗೆಂದೇ ಅವಳಿಗೂ ಹೇಳಿದೆ.

“ಬೀಳೋಕೆ ಮುಂಚೆ ಏನು ಭಾರೀ ಶಾಂತಮೂರ್ತಿ ಆಗಿದ್ರಾ?” ಅಂದಳು.