ಇಪ್ಪತ್ತೈದು ವರ್ಷದ ರಜೆ

ಟೈಮ್‌ಶೇರ್ ತಗೋಬೇಕಾ ಅಂತ ಆಫೀಸಲ್ಲಿ ಆಗಾಗ ಯಾರಾದ್ರೂ ಕೇಳ್ತಾರೆ. 1996ರಲ್ಲಿ ಶುರುವಾದ ಕ್ಲಬ್ ಮಹೀಂದ್ರಾದ ಹೆಸರುವಾಸಿ ಸದಸ್ಯತ್ವವನ್ನೇ ನೋಡಿ: 25 ವರ್ಷ, ವರ್ಷಕ್ಕೆ ಏಳು ದಿನ, ಸೀಸನ್ನಿಗೊಂದು ಬಣ್ಣ, ಮೇಲೆ ವಾರ್ಷಿಕ ಶುಲ್ಕ.

ಲೆಕ್ಕ ಸುಲಭ. ನಾಲ್ಕು ಲಕ್ಷ ಕೊಟ್ಟಿರಿ ಅಂದುಕೊಳ್ಳಿ. ಅದನ್ನೇ ಶೇಕಡ 7ರ ಎಫ್‌ಡಿಯಲ್ಲಿಟ್ಟರೆ ವರ್ಷಕ್ಕೆ 28,000 ಬಡ್ಡಿ (ತೆರಿಗೆ ಬೇರೆ ಬಿಡಿ). ಮಡಿಕೇರಿಯಲ್ಲಿ ನಾಲ್ಕು ದಿನ ಆರಾಮಾಗಿ ಇದ್ದು ಬರಬಹುದು, ಅಸಲು ಹಾಗೇ ಇರುತ್ತೆ.

ಆದರೆ ತಗೊಂಡವರು ಕೊಡೋ ಕಾರಣವೇ ಬೇರೆ: ‘ದುಡ್ಡು ಕಟ್ಟಿದ್ರೆ ಹೋಗಲೇಬೇಕು, ಇಲ್ಲಾಂದ್ರೆ ನಾವು ರಜೆನೇ ಹಾಕಲ್ಲ.’ ಇದನ್ನ ನಕ್ಕು ತಳ್ಳಿಹಾಕೋಕೆ ಆಗಲ್ಲ. ನಾಳೆಯ ನಮ್ಮ ಮೇಲೆ ನಂಬಿಕೆಯಿಲ್ಲದೆ ಇವತ್ತೇ ಕಟ್ಟಿಹಾಕ್ತಿದೀವಿ. ಹಾಗೆ ಕಟ್ಟಿಹಾಕಿದ ಬಿಡುವು ಬಿಡುವಾ?

ನಮ್ಮ ಹೆಡತಲೆಯ ಲಕ್ಷ್ಮೀಕಾಂತ ದೇವಸ್ಥಾನದಲ್ಲಿ ಹದಿನಾರು ಮುಖದ ಚಾವಡಿ ಇದೆ. ಭೀಮಣ್ಣ ನಾಯಕ ತನ್ನ ಹದಿನಾರು ಅಳಿಯಂದಿರಲ್ಲಿ ಮೇಲು ಕೀಳು ಆಗಬಾರದು ಅಂತ ಒಬ್ಬೊಬ್ಬರಿಗೆ ಒಂದೊಂದು ಮುಖ ಮಾಡಿಸಿದ ಅಂತ ಕತೆ. ಆ ಕತೆಯಲ್ಲಿ ಅಳಿಯ ಒಂದು ವರ್ಷ ಬರದಿದ್ರೂ ಜಾಗ ಅವನದೇ, ಬರದಿದ್ದಕ್ಕೆ ಶುಲ್ಕ ಕೇಳೋರಿಲ್ಲ. (ಅತ್ತೆಯ ಮುನಿಸು ಲೆಕ್ಕಕ್ಕಿಲ್ಲ.) ಟೈಮ್‌ಶೇರಿನಲ್ಲಿ ಸಿಗೋದು ಬರೀ ಸರದಿ. ನಮಗೋ ಕೊರತೆ ಇರೋದು ರಜೆಗೆ. ಮ್ಯಾನೇಜರ್ ಒಪ್ಪಿಗೆ ಯಾವ ಬಣ್ಣದ ಸೀಸನ್ನಿನ ಜೊತೆಗೂ ಬರಲ್ಲ.

ತಗೊಳ್ಳಿ ಅಂತ ನಾನು ಹೇಳಿದ್ದು ಒಬ್ಬ ಸಹೋದ್ಯೋಗಿಗೆ ಮಾತ್ರ. ಅವರ ಯಜಮಾನರು ಸ್ಕೂಲ್ ಮೇಷ್ಟ್ರು, ದಸರಾ ರಜೆ ಪ್ರತಿವರ್ಷ ಗ್ಯಾರಂಟಿ. ಆದರೆ ದಸರಾಗೆ ದುಬಾರಿ ಬಣ್ಣವೇ ಬೇಕಂತೆ, ಇನ್ನೂ ಯೋಚಿಸ್ತಿದಾರೆ.